ಬೇಂದ್ರೆಯವರ ಮನೆಗೆ ಸಂಜೆ ಹೋಗುವುದಾದರೆ

ಧಾರವಾಡದ ಸಾಧನಕೇರಿಯಲ್ಲಿ ದ.ರಾ. ಬೇಂದ್ರೆಯವರ ಮನೆ ಇದೆ, ಹೆಸರು 'ಶ್ರೀಮಾತಾ'. ಪಕ್ಕದಲ್ಲೇ ಬೇಂದ್ರೆ ಭವನ. ಇಲ್ಲಿಗೆ ಸಂಜೆ ಹೋಗೋದೇ ಚೆಂದ. ಆದರೆ ದೀಪ ಹಚ್ಚುವ ಹೊತ್ತಿಗೆ ಹೋದರೆ ಬಾಗಿಲು ಹಾಕಿರಬಹುದು. ನಾಲ್ಕರ ಸುಮಾರಿಗೇ ಅಲ್ಲಿರಿ, ಹೊರಡುವ ಮುಂಚೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ಹುಬ್ಬಳ್ಳಿಯಿಂದ ಬರುವವರು ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ ಹತ್ತಿ. ಸುಮಾರು 20 ಕಿ.ಮೀ. ಧಾರವಾಡದಲ್ಲಿ ಇಳಿದು ಆಟೋದವರಿಗೆ 'ಬೇಂದ್ರೆ ಅಜ್ಜಾರ ಮನಿ' ಅಂದರೆ ಸಾಕು.

ಬರಿಗೈಲಿ ಮಾತ್ರ ಹೋಗಬೇಡಿ. ಅವರ ಒಂದು ಕವನ ಸಂಕಲನ ಚೀಲದಲ್ಲಿರಲಿ. ನಾನು ಮೊದಲ ಸಲ ಸುಮ್ನೆ ಹೋಗಿ, ಫೋಟೋ ನೋಡಿ, ಹತ್ತೇ ನಿಮಿಷದಲ್ಲಿ ಹೊರಗೆ ಬಂದಿದ್ದೆ. ಆಮೇಲೆ ಬಹಳ ಬೇಜಾರಾಯಿತು.

ಒಳಗೆ ಹೋದಾಗ ಒಂದೆರಡು ಸಂಗತಿ ನೆನಪಿರಲಿ. ಮನೆಮಾತು ಮರಾಠಿ, ಆದರೂ ಧಾರವಾಡದ ಓಣಿಯ ಕನ್ನಡವನ್ನು ಇಷ್ಟು ಎತ್ತರಕ್ಕೆ ಒಯ್ದವರು ಇನ್ನೊಬ್ಬರಿಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ. ತಾಯಿ ಅಂಬಿಕೆ, ಅದಕ್ಕೇ ಕಾವ್ಯನಾಮ ಅಂಬಿಕಾತನಯದತ್ತ. 'ನರಬಲಿ' ಅನ್ನೋ ಒಂದು ಕವನಕ್ಕಾಗಿ 1932ರಲ್ಲಿ ಬ್ರಿಟಿಷರು ಅವರನ್ನು ಬೆಳಗಾವಿಯ ಹಿಂಡಲಗಾ ಜೈಲಿಗೆ ಹಾಕಿದರು, ಆಮೇಲೆ ಇಲ್ಲೇ ಹತ್ತಿರದ ಮುಗದದಲ್ಲಿ ನಜರಬಂದಿಯಲ್ಲಿಟ್ಟರು. 1944ರಿಂದ 1956ರವರೆಗೆ ದೂರದ ಸೊಲ್ಲಾಪುರದಲ್ಲಿ ಪಾಠ ಹೇಳಿದರು. ಜ್ಞಾನಪೀಠ ಬಂದದ್ದು 1973ರಲ್ಲಿ, ಆಗ ವಯಸ್ಸು ಎಪ್ಪತ್ತು ದಾಟಿತ್ತು. ಇಷ್ಟೆಲ್ಲ ಕಷ್ಟಸುಖ ಕಂಡ ಕವಿ ಬದುಕಿದ ಮನೆ ಎಷ್ಟು ಸಾದಾ ಇದೆ ಅಂತ ಒಂದು ಗಳಿಗೆ ನಿಂತು ನೋಡಿ.

ಅಲ್ಲಿ ಫೋನ್ ಒಳಗಿಡಿ. ನೋಡಿಕೊಳ್ಳುವವರು ಬಿಡುವಾಗಿದ್ದರೆ ಮಾತಾಡಿಸಿ.

ಆಮೇಲೆ ಕೆರೆ ದಂಡೆಗೆ ಬನ್ನಿ. ನನಗೆ ಕೇಳಿದರೆ ಇಡೀ ಭೇಟಿಯಲ್ಲಿ ಇದೇ ಮುಖ್ಯ. ಕೂತು ಪುಸ್ತಕ ತೆಗೆದು 'ಬಾರೋ ಸಾಧನಕೇರಿಗೆ' ಓದಿ, ಮನಸ್ಸಿನಲ್ಲಲ್ಲ, ಬಾಯಿ ಬಿಟ್ಟು ಓದಿ. ಬೇಂದ್ರೆ ಕವಿತೆ ಕಣ್ಣಿಗಿಂತ ಕಿವಿಗೆ ಬರೆದದ್ದು ಅಲ್ವಾ, ಅರ್ಥ ಆಗದ ಸಾಲೂ ಲಯಕ್ಕೆ ಸಿಕ್ಕಾಗ ತಾನೇ ಬಿಚ್ಚಿಕೊಳ್ಳುತ್ತದೆ. ಶ್ರಾವಣದಲ್ಲಿ ಹೋದರೆ ಇನ್ನೂ ಚೆಂದ: ಜಿಟಿಜಿಟಿ ಮಳೆ, ಸುತ್ತ ಹಸಿರು, ಕೈಯಲ್ಲಿ ಅದೇ ಹಸಿರಿನ ಹಾಡು. ಕೊಡೆ ಮರೆಯಬೇಡಿ.

ಎರಡನೇ ಸಲ ಓದುವಾಗ ದನಿ ತಾನಾಗೇ ಏರುತ್ತದೆ. ಪಕ್ಕದಲ್ಲಿ ಕೂತ ಹಿರಿಯರು ತಿರುಗಿ ನೋಡಿದರೆ ನಾಚಿಕೊಂಡು ನಿಲ್ಲಿಸಬೇಡಿ. ಮುಂದಿನ ಸಾಲು ಅವರಿಗೆ ಬಾಯಿಪಾಠ ಇರಬಹುದು.