ನರರೋಗ ತಜ್ಞರಾಗಬೇಕೆನ್ನುವ ಕಿರಿಯ ವೈದ್ಯರಿಗೆ

ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್‌ನಲ್ಲಿರುವವರು ಅಥವಾ ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮಾಡುತ್ತಿರುವವರು ನ್ಯೂರಾಲಜಿಯತ್ತ ಒಲವು ತೋರಿದಾಗ ಮೊದಲು ಕೇಳುವ ಪ್ರಶ್ನೆ, ಪ್ರವೇಶ ಪರೀಕ್ಷೆಗೆ ಏನು ಓದಬೇಕು ಎಂಬುದು. ಅದಕ್ಕೆ ಉತ್ತರ ಹೇಳುವವರಿಗೆ ಕೊರತೆಯಿಲ್ಲ. ಸೀಟು ಸಿಕ್ಕಿ, ಪದವಿ ಕೈಗೆ ಬಂದ ಮೇಲೆ ಹಲವು ದಶಕ ಮಾಡಬೇಕಾದ ಕೆಲಸ ಎಂಥದು, ರೋಗಿಗಳ ಆರೈಕೆ, ಪಾಠ, ಸಂಶೋಧನೆ ಈ ಮೂರನ್ನೂ ಒಬ್ಬರೇ ನಿಭಾಯಿಸುವುದು ಹೇಗೆ ಎಂದು ಕೇಳುವವರು ಕಡಿಮೆ. ಈ ಬರಹ ಮುಖ್ಯವಾಗಿ ಆ ಎರಡನೆಯ ಪ್ರಶ್ನೆಯನ್ನು ಕುರಿತದ್ದು. ದಾರಿಯ ಲೆಕ್ಕವನ್ನು ಮಾತ್ರ ಮೊದಲೇ ಹೇಳಿ ಮುಗಿಸುತ್ತೇನೆ.

ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೆ ಐದೂವರೆ ವರ್ಷ, ಜನರಲ್ ಮೆಡಿಸಿನ್ ಅಥವಾ ಮಕ್ಕಳ ವಿಭಾಗದ ಎಂಡಿಗೆ 3 ವರ್ಷ, ಅದರ ಮೇಲೆ ನ್ಯೂರಾಲಜಿಯ ಉನ್ನತ ತಜ್ಞ ಪದವಿಯಾದ ಡಿಎಂ ಅಥವಾ ಡಿಆರ್‌ಎನ್‌ಬಿಗೆ ಮತ್ತೆ 3 ವರ್ಷ. ಹೆಚ್ಚಿನ ಕಾಲೇಜುಗಳ ಡಿಎಂ ಸೀಟುಗಳು ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ನೀಟ್ ಎಸ್‌ಎಸ್ ಮೂಲಕ ತುಂಬುತ್ತವೆ. ಬೆಂಗಳೂರಿನ ನಿಮ್ಹಾನ್ಸ್, ದೆಹಲಿಯ ಏಮ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗಳಂತಹವಕ್ಕೆ ಐಎನ್‌ಐ ಎಸ್‌ಎಸ್ ಎಂಬ ಪ್ರತ್ಯೇಕ ಪರೀಕ್ಷೆಯಿದೆ. ನಡುವೆ ಒಂದು ವರ್ಷವೂ ಕಳೆದುಕೊಳ್ಳದವರು ಮೂವತ್ತರ ಆಸುಪಾಸಿನಲ್ಲಿ ತಜ್ಞರಾಗುತ್ತಾರೆ, ಆದರೆ ಹೆಚ್ಚಿನವರಿಗೆ ಒಂದೆರಡು ವರ್ಷ ಕೈಬಿಟ್ಟೇ ಹೋಗುತ್ತದೆ. ಸ್ಟ್ರೋಕ್ (ಪಾರ್ಶ್ವವಾಯು), ಮೂರ್ಛೆರೋಗ, ಪಾರ್ಕಿನ್ಸನ್‌ನಂತಹ ಚಲನೆಯ ತೊಂದರೆಗಳು, ನರ-ಸ್ನಾಯು ರೋಗಗಳು, ಮರೆವಿನ ಕಾಯಿಲೆಗಳು ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಫೆಲೋಶಿಪ್ ಮಾಡುವವರು ಇನ್ನೂ ಒಂದೆರಡು ವರ್ಷ ಸೇರಿಸಿಕೊಳ್ಳಬೇಕು. ಮನೆಯಲ್ಲಿ ಸಾಲವಿದ್ದರೆ, ಮದುವೆಯ ಮಾತು ನಡೆಯುತ್ತಿದ್ದರೆ, ಈ ಲೆಕ್ಕವನ್ನು ಎಂಡಿಗೆ ಸೇರುವ ಮೊದಲೇ ತಂದೆತಾಯಿಗಳ ಮುಂದೆ ಬಿಡಿಸಿಟ್ಟು ಮಾತನಾಡುವುದು ಒಳ್ಳೆಯದು.

ಎಂಡಿಯ ಮೂರು ವರ್ಷಗಳನ್ನು ಕಾಯುವ ಕಾಲವೆಂದು ತಿಳಿಯಬೇಡಿ. ನ್ಯೂರಾಲಜಿ ವಾರ್ಡಿನಲ್ಲಿ ಪ್ರಜ್ಞೆ ತಪ್ಪಿ ಮಲಗಿರುವವರ ಪೈಕಿ ಹಲವರ ತೊಂದರೆ ಸೋಡಿಯಂ ಇಳಿದದ್ದು, ಸಕ್ಕರೆ ಕುಸಿದದ್ದು, ಲಿವರ್ ಅಥವಾ ಕಿಡ್ನಿ ಸೋತದ್ದು. ಒಳ್ಳೆಯ ಫಿಸಿಷಿಯನ್ ಅಲ್ಲದವರು ಒಳ್ಳೆಯ ನರರೋಗ ತಜ್ಞರಾದದ್ದನ್ನು ನಾನು ಕಂಡಿಲ್ಲ.

ರೋಗಿಯ ಮಾತನ್ನು ಕೇಳುವುದು

ಈ ವೃತ್ತಿಯಲ್ಲಿ ಎಂಆರ್‌ಐ, ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ, ನರವಹನ ಪರೀಕ್ಷೆ ಎಲ್ಲವೂ ಇವೆ. ಆದರೂ ರೋಗ ಯಾವುದೆಂಬ ಸುಳಿವು ಹೆಚ್ಚಾಗಿ ಸಿಗುವುದು ರೋಗಿ ಹೇಳುವ ವಿವರದಲ್ಲಿ. ಹಾಗಿರುವಾಗ ಕನ್ನಡದಲ್ಲಿ ವಿವರ ಕೇಳುವ ವಿದ್ಯೆಯನ್ನು ನಾವು ಯಾರಿಗೂ ಕಲಿಸುವುದಿಲ್ಲ ಎಂಬುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ. ಪಠ್ಯಪುಸ್ತಕ ಇಂಗ್ಲಿಷಿನಲ್ಲಿದೆ, ರೋಗ ಕನ್ನಡದಲ್ಲಿ ಬರುತ್ತದೆ.

‘ನರ’ ಎಂಬ ಪದವನ್ನೇ ತೆಗೆದುಕೊಳ್ಳಿ. ಇಂಜೆಕ್ಷನ್ ಕೊಡುವ ರಕ್ತನಾಳವನ್ನೂ ಜನ ನರವೆನ್ನುತ್ತಾರೆ, ಕಾಲಿನಲ್ಲಿ ಉಬ್ಬಿ ಸುರುಳಿಯಾದ ವೆರಿಕೋಸ್ ವೇನನ್ನೂ ನರವೆನ್ನುತ್ತಾರೆ, ಮೀನಖಂಡ ಹಿಡಿದುಕೊಂಡರೆ ನರ ಎಳೆಯಿತು ಎನ್ನುತ್ತಾರೆ. ‘ನರದೌರ್ಬಲ್ಯ’ವೆಂದು ತಗ್ಗಿದ ದನಿಯಲ್ಲಿ ಹೇಳುವ ಯುವಕ ಬಂದಿರುವುದು ಗೋಡೆಯ ಮೇಲಿನ ಜಾಹೀರಾತುಗಳು ಆ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ, ಅವನಿಗೆ ಸ್ನಾಯುಬಲದ ಪರೀಕ್ಷೆ ಮಾಡಿ ಕಳಿಸಿದರೆ ಅವನ ಸಂಕಟ ಹಾಗೆಯೇ ಉಳಿಯುತ್ತದೆ. ‘ತಲೆಸುತ್ತು’ ಎಂದವರಿಗೆ ಕೋಣೆಯೇ ಗಿರಗಿರನೆ ತಿರುಗಿದಂತಾಗುತ್ತದೆಯೋ, ಕಣ್ಣು ಕತ್ತಲಿಟ್ಟು ಬಿದ್ದೇಬಿಡುವೆ ಅನ್ನಿಸುತ್ತದೆಯೋ, ಕುಳಿತಾಗ ಏನೂ ಇಲ್ಲದೆ ನಡೆಯುವಾಗ ಮಾತ್ರ ಓಲಾಡುತ್ತದೆಯೋ ಎಂದು ಬಿಡಿಸಿ ಕೇಳಬೇಕು, ಏಕೆಂದರೆ ಮೊದಲನೆಯದು ಕಿವಿಯ ಒಳಭಾಗಕ್ಕೋ ಮೆದುಳಿನ ಕಾಂಡಕ್ಕೋ ಕರೆದೊಯ್ಯುತ್ತದೆ, ಎರಡನೆಯದು ರಕ್ತದೊತ್ತಡ ಮತ್ತು ಹೃದಯದ ಕಡೆಗೆ, ಮೂರನೆಯದು ಕಿರುಮೆದುಳು ಅಥವಾ ಕಾಲಿನ ನರಗಳ ಕಡೆಗೆ. ‘ಜೋಮು’ ಮತ್ತು ‘ಸ್ವಾಧೀನವಿಲ್ಲ’ ಎಂಬ ಮಾತುಗಳ ನಡುವಿನ ಅಂತರವನ್ನೂ ಹೀಗೆಯೇ ಪ್ರತಿಯೊಬ್ಬ ರೋಗಿಯ ಹತ್ತಿರವೂ ಖಚಿತಪಡಿಸಿಕೊಳ್ಳಬೇಕು.

ಸ್ಟ್ರೋಕ್‌ನಲ್ಲಿ ಮಾತು ಕೇಳುವುದಕ್ಕೆ ಗಡಿಯಾರವೂ ಸೇರಿಕೊಳ್ಳುತ್ತದೆ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ರಕ್ತನಾಳ ಕಟ್ಟಿದ್ದರೆ, ಆಯ್ದ ಕೆಲವರಲ್ಲಿ 16ರಿಂದ 24 ಗಂಟೆಯವರೆಗೂ ಹೆಪ್ಪನ್ನು ಕೊಳವೆಯ ಮೂಲಕ ಎಳೆದು ತೆಗೆಯಬಹುದೆಂದು 2018ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು ತೋರಿಸಿದವು. ಆದ್ದರಿಂದ ‘ಯಾವಾಗ ಶುರುವಾಯಿತು’ ಎಂದು ಕೇಳಿದರೆ ಸಾಲದು. ಮನೆಯವರು ತಾವು ನೋಡಿದ ಹೊತ್ತನ್ನು ಹೇಳಿಬಿಡುತ್ತಾರೆ. ಸರಿಯಾಗಿದ್ದದ್ದನ್ನು ಕೊನೆಯ ಬಾರಿ ಕಂಡವರು ಯಾರು, ಹಾಲು ಕರೆದು ತರುವಾಗ ಸರಿಯಿದ್ದರೇ, ರಾತ್ರಿ ಬಚ್ಚಲಿಗೆ ಎದ್ದಾಗ ಯಾರಾದರೂ ಮಾತನಾಡಿಸಿದರೇ, ಎಂದು ದಿನಚರಿಯ ಒಂದೊಂದೇ ಕೆಲಸಕ್ಕೆ ಕಟ್ಟಿ ಕೇಳಿದರೆ ಸಮಯ ತಾನಾಗಿ ಹೊರಬರುತ್ತದೆ. ಹಾಗೆಯೇ ಬಾಣಂತಿಗೆ ತಲೆನೋವು ಮತ್ತು ಫಿಟ್ಸ್ ಬಂದಿದೆಯೆಂದರೆ ಮೆದುಳಿನ ಸಿರೆಗಳಲ್ಲಿ ಹೆಪ್ಪುಗಟ್ಟಿರಬಹುದೆಂಬ ಅನುಮಾನ ತಕ್ಷಣ ಮೂಡಬೇಕು, ಮೈಯಲ್ಲಿ ನೀರು ಕಡಿಮೆಯಾದರೆ ಹೆಪ್ಪುಗಟ್ಟುವುದು ಹೆಚ್ಚುವುದರಿಂದ ಮನೆಯಲ್ಲಿ ಕುಡಿಯಲು ನೀರು ಎಷ್ಟು ಕೊಡುತ್ತಿದ್ದರು ಎಂದು ಅಜ್ಜಿಯನ್ನು ಬೈಯದ ದನಿಯಲ್ಲಿ ವಿಚಾರಿಸಬೇಕು.

ಮೂರ್ಛೆರೋಗದ ಹೊರರೋಗಿ ವಿಭಾಗದಲ್ಲಿ ಮಾತ್ರೆ ಬರೆಯುವುದು ಸುಲಭದ ಭಾಗ. ಮಗಳಿಗೆ ಗಂಡು ನೋಡುತ್ತಿದ್ದೇವೆ, ಮಾತ್ರೆ ನಿಲ್ಲಿಸಿಬಿಡಿ ಎಂದು ತಂದೆ ಕೇಳಿದಾಗ ಏನು ಹೇಳಬೇಕೆಂಬುದನ್ನು ಮೊದಲೇ ಯೋಚಿಸಿಟ್ಟುಕೊಂಡಿರಿ. ಮೂರ್ಛೆರೋಗವು ಹಿಂದೂ ವಿವಾಹ ಕಾಯ್ದೆಯಡಿ ಮದುವೆಗೆ ಅಡ್ಡಿಯೆಂದಿದ್ದ ಮಾತನ್ನು 1999ರ ತಿದ್ದುಪಡಿ ತೆಗೆದುಹಾಕಿದೆ ಎಂಬುದು ಎಷ್ಟೋ ವಕೀಲರಿಗೂ ತಿಳಿದಿರುವುದಿಲ್ಲ. ಮುಚ್ಚಿಟ್ಟು ಮದುವೆ ಮಾಡಿದರೆ ಮಾತ್ರೆಯನ್ನು ಕದ್ದು ನುಂಗಬೇಕಾಗುತ್ತದೆ, ಕದ್ದು ನುಂಗುವ ಮಾತ್ರೆ ತಪ್ಪುತ್ತದೆ. ಹುಟ್ಟುವ ಮಗುವಿಗೆ ಹಾನಿ ಮಾಡಬಲ್ಲ ಮೂರ್ಛೆರೋಗದ ಮಾತ್ರೆ ವಾಲ್ಪ್ರೊಯೇಟ್‌ನ ಮಾತನ್ನು ಮದುವೆಯ ಮಾತು ಬರುವ ಮುಂಚೆಯೇ ಎತ್ತುವುದು ವೈದ್ಯರ ಹೊಣೆ.

ಬರೆದಿಟ್ಟ ಕೇಸ್‌ಶೀಟಿನಿಂದ ಸಂಶೋಧನೆಯವರೆಗೆ

ಸಂಶೋಧನೆಯೆಂದರೆ ಪ್ರಯೋಗಾಲಯ, ಇಲಿ, ವಿದೇಶಿ ಅನುದಾನ ಎಂದು ಭಾವಿಸಿ ಹಿಂಜರಿಯುವವರಿಗೆ ನಮ್ಮ ನೆಲದ ಒಂದು ಉದಾಹರಣೆ ಸಾಕು. ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಬರುವ ಫಿಟ್ಸ್ ಬಗ್ಗೆ ನ್ಯೂಜಿಲೆಂಡಿನಿಂದ 1945ರಲ್ಲಿ ಒಂದು ವರದಿ ಬಂದಿತ್ತು. ಪಾಶ್ಚಾತ್ಯರಿಗೆ ಅದು ಅಪರೂಪದ ಕುತೂಹಲವಾಗಿತ್ತು. ದಕ್ಷಿಣ ಕರ್ನಾಟಕದಲ್ಲಿ ಅದು ಅಪರೂಪವಲ್ಲ ಎಂದು ಗುರುತಿಸಿದವರಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮೊದಲಿಗರು, 1968ರಲ್ಲಿ ಪ್ರಾಥಮಿಕ ವರದಿ, 1972ರಲ್ಲಿ 60 ರೋಗಿಗಳ ಅಧ್ಯಯನ. ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರವನ್ನು ಪ್ರಕಟಿಸಿದರು. ಇದರ ಬೀಜ ಇರುವುದು ಒಂದೇ ಪ್ರಶ್ನೆಯಲ್ಲಿ: ಫಿಟ್ಸ್ ಬಂದಾಗ ಮಗು ಏನು ಮಾಡುತ್ತಿತ್ತು? ಹಂಡೆಯ ಸುಡುನೀರನ್ನು ಚೊಂಬು ಚೊಂಬಾಗಿ, ಬಿಡುವಿಲ್ಲದೆ, ತಲೆಯ ಮೇಲೆ ಹೊಯ್ಯುವ ಎಣ್ಣೆಸ್ನಾನದ ಮನೆಗಳಲ್ಲಿ ಬೆಳೆದ ವೈದ್ಯರಿಗೆ ಉತ್ತರ ಕೇಳಿದೊಡನೆ ಚಿತ್ರ ಕಣ್ಣಮುಂದೆ ನಿಂತಿರಬೇಕು. ಪರಿಹಾರವೂ ಬಚ್ಚಲುಮನೆಯಿಂದಲೇ ಶುರುವಾಗುತ್ತದೆ: ನೀರಿನ ಕಾವು ಇಳಿಸಿ, ಹಲವರಿಗೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಮುಂಚೆ, ಫಿಟ್ಸ್ ತಡೆಯುವ ಕ್ಲೋಬಜಾಮ್ ಮಾತ್ರೆ ಕೊಟ್ಟರೆ ಸಾಕಾಗುತ್ತದೆ.

ಇನ್ನೊಂದು ಉದಾಹರಣೆ ಹೈದರಾಬಾದಿನದು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಲ್ಲಿಯ ಮರೆವಿನ ಕ್ಲಿನಿಕ್ಕಿನ 648 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿದೆಯೆಂದು 2013ರಲ್ಲಿ ಪ್ರಕಟಿಸಿದರು. ಓದುಬರಹ ಬಾರದವರಲ್ಲೂ ಇದೇ ಕಂಡಿತು. ರೋಗಿ ಮನೆಯಲ್ಲಿ ಯಾವ ಭಾಷೆ, ಸಂತೆಯಲ್ಲಿ ಯಾವ ಭಾಷೆ ಆಡುತ್ತಾರೆಂದು ಕೇಸ್‌ಶೀಟಿನಲ್ಲಿ ಬರೆಯುವ ಅಭ್ಯಾಸವಿಲ್ಲದಿದ್ದರೆ ಈ ಅಧ್ಯಯನ ಹುಟ್ಟುತ್ತಿರಲಿಲ್ಲ. ಆದ್ದರಿಂದ ಡಿಎಂ ಮೊದಲ ವರ್ಷದಲ್ಲಿಯೇ ಒಂದು ರೋಗವನ್ನು ಆರಿಸಿ, ಆ ರೋಗದ ಎಲ್ಲ ರೋಗಿಗಳಿಗೂ ಒಂದೇ ನಮೂನೆಯ ಒಂದು ಪುಟದ ಹಾಳೆ ತುಂಬಲು ಶುರುಮಾಡಿ. ಹತ್ತು ಪುಟದ ನಮೂನೆಯನ್ನು ನೀವು ಮೂರು ವಾರಕ್ಕಿಂತ ಹೆಚ್ಚು ತುಂಬುವುದಿಲ್ಲ. ಇದು ಅನುಭವದ ಮಾತು.

ಉಳಿದದ್ದು ಶಿಸ್ತಿನ ವಿಷಯ. ಹಳೆಯ ದಾಖಲೆಗಳನ್ನು ನೋಡುವ ಅಧ್ಯಯನಕ್ಕೂ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯನ್ನು ಒಮ್ಮೆ ಪೂರ್ತಿಯಾಗಿ ಓದಿ. ಔಷಧ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿಯಾಗಬೇಕು. ಸಂಖ್ಯಾಶಾಸ್ತ್ರಜ್ಞರ ಬಳಿಗೆ ಅಂಕಿಅಂಶ ಸಿದ್ಧವಾದ ಮೇಲೆ ಹೋಗುವುದು ಮನೆ ಕಟ್ಟಿದ ಮೇಲೆ ಪಾಯದ ಬಗ್ಗೆ ಮೇಸ್ತ್ರಿಯನ್ನು ಕೇಳಿದ ಹಾಗೆ. ಒಪ್ಪಿಗೆ ಪತ್ರದ ಕನ್ನಡದ ಬಗ್ಗೆ ವಿಶೇಷವಾಗಿ ಹೇಳಬೇಕು: ‘ಯಾದೃಚ್ಛಿಕ ವಿಂಗಡಣೆ’ ಎಂದು ಅಚ್ಚು ಹಾಕಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಎರಡು ಔಷಧಗಳಲ್ಲಿ ನಿಮಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ, ನಾನೂ ಆರಿಸುವುದಿಲ್ಲ, ನೀವೂ ಆರಿಸುವುದಿಲ್ಲ, ಬೇಡವೆಂದರೆ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಹೇಳಿದರೆ ಯಾರಿಗೂ ಅರ್ಥವಾಗುತ್ತದೆ. ದುಡ್ಡು ಕಟ್ಟಿಸಿಕೊಂಡು ವಾರದೊಳಗೆ ಅಚ್ಚು ಹಾಕುವ ನಿಯತಕಾಲಿಕೆಗಳ ಆಮಿಷದ ಇಮೇಲ್‌ಗಳು ಬಡ್ತಿಯ ಹೊತ್ತಿಗೇ ಬರುತ್ತವೆ. ಅವಕ್ಕೆ ಉತ್ತರ ಬರೆಯಬೇಡಿ.

ಪಾಠ

ನರಮಂಡಲವೆಂದರೆ ವಿದ್ಯಾರ್ಥಿಗಳಿಗೆ ಭಯ. ನರಮಾರ್ಗಗಳ ಹೆಸರು ಬಾಯಿಪಾಠ ಮಾಡಿಸಿದ ನಮ್ಮದೇ ತಪ್ಪು ಅದು. ಹಾಸಿಗೆಯ ಪಕ್ಕದಲ್ಲಿ ಕಲಿಸುವಾಗ ನಾನು ಒತ್ತಾಯಿಸುವುದು ಒಂದೇ ಕ್ರಮ: ತೊಂದರೆ ಎಲ್ಲಿದೆ ಎಂಬುದನ್ನು ಮೊದಲು ಹೇಳಿ, ಏನು ಎಂಬುದನ್ನು ಆಮೇಲೆ. ಕಾಲೆರಡೂ ಬಿಗಿದುಕೊಂಡಿವೆ, ಕೈಗಳು ಸರಿಯಿವೆ, ಹೊಕ್ಕುಳಿನ ಮಟ್ಟದಿಂದ ಕೆಳಗೆ ಸ್ಪರ್ಶ ತಿಳಿಯುತ್ತಿಲ್ಲ ಎಂದರೆ ಬೆನ್ನುಹುರಿಯ ಎದೆಭಾಗ, ಹೊಕ್ಕುಳು ಹತ್ತನೆಯ ಎದೆನರದ ಎಲ್ಲೆ. ಇಷ್ಟು ಬಂದ ಮೇಲೆ ಕ್ಷಯವೋ, ಗೆಡ್ಡೆಯೋ, ಬಿ12 ಕೊರತೆಯೋ ಎಂಬ ಚರ್ಚೆಗೆ ಅರ್ಥವಿರುತ್ತದೆ. ಈ ಕ್ರಮ ತಪ್ಪಿದಾಗಲೇ ಸೊಂಟದ ಎಂಆರ್‌ಐ ಮಾಡಿಸಿ ಎಲ್ಲ ಸರಿಯಿದೆಯೆಂದು ಕಳಿಸುವ ಪ್ರಮಾದ ನಡೆಯುವುದು. ಸುತ್ತಿಗೆ, 128 ಹರ್ಟ್ಸ್‌ನ ಶ್ರುತಿಕವೆ, ಕಣ್ಣಿನ ಒಳಪದರ ನೋಡುವ ಆಫ್ತಾಲ್ಮೋಸ್ಕೋಪ್ ಇವು ಮೂರೂ ನಿಮ್ಮ ಚೀಲದಲ್ಲಿಲ್ಲದೆ ರೌಂಡ್ಸ್‌ಗೆ ಹೋದರೆ ವಿದ್ಯಾರ್ಥಿಗಳೂ ತರುವುದಿಲ್ಲ.

ರೋಗಿಯ ತಲೆಯ ಮೇಲೆ ಇಂಗ್ಲಿಷಿನಲ್ಲಿ ಚರ್ಚಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಮೋಟಾರ್ ನ್ಯೂರಾನ್ ರೋಗದ ಆಯುಷ್ಯದ ಮಾತನ್ನು ಹಾಸಿಗೆಯ ಬಳಿ ಆಡಿದಾಗ, ಇಂಗ್ಲಿಷ್ ಬಾರದ ರೈತ ನಿಮ್ಮ ಮುಖವನ್ನು ಓದುತ್ತಿರುತ್ತಾನೆ. ಪರೀಕ್ಷೆ ಮಾಡುವ ಭಾಗ ಹಾಸಿಗೆಯ ಬಳಿ ನಡೆಯಲಿ, ಮುಂದಿನ ಮಾತು ಕೋಣೆಯಲ್ಲಿ. ಮೆದುಳಿನ ರೋಗಶಾಸ್ತ್ರ ತಿಳಿಸಬೇಕೆಂಬ ಆಸೆಯಿದ್ದವರು, ಡಾ. ಎಸ್. ಕೆ. ಶಂಕರ್ 1995ರಲ್ಲಿ ನಿಮ್ಹಾನ್ಸ್‌ನಲ್ಲಿ ಶುರುಮಾಡಿದ, ದಾನವಾಗಿ ಬಂದ ಮೆದುಳುಗಳನ್ನು ಕಾಪಿಡುವ ಮೆದುಳು ಬ್ಯಾಂಕನ್ನು ಒಮ್ಮೆಯಾದರೂ ವಿದ್ಯಾರ್ಥಿಗಳಿಗೆ ತೋರಿಸಲಿ. ನಿಜವಾದ ಮೆದುಳನ್ನು ಕಂಡವರು ಚಿತ್ರಗಳನ್ನು ಬೇರೆ ರೀತಿ ಓದುತ್ತಾರೆ.

ಕೆಲಸ ಒಪ್ಪಿಕೊಳ್ಳುವಾಗ

ಮೂರೂ ಕೆಲಸ ಮಾಡಬೇಕೆನ್ನುವವರಿಗೆ ನಿಮ್ಹಾನ್ಸ್‌ನಂತಹ ಸಂಸ್ಥೆಯೊಂದೇ ಗತಿ ಎಂಬುದು ತಪ್ಪು ತಿಳಿವಳಿಕೆ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಮಣಿಪಾಲ, ಬೆಳಗಾವಿಗಳ ವೈದ್ಯಕೀಯ ಕಾಲೇಜುಗಳಲ್ಲಿಯೂ ರೋಗಿಗಳಿದ್ದಾರೆ, ವಿದ್ಯಾರ್ಥಿಗಳಿದ್ದಾರೆ. ನರರೋಗ ತಜ್ಞರು ದೊಡ್ಡ ನಗರಗಳಲ್ಲೇ ಗುಂಪುಗೂಡಿರುವುದರಿಂದ, ಜಿಲ್ಲೆಯ ಕಡೆಗೆ ಹೋದವರ ಮುಂದೆ ಬೇರೆ ಯಾರೂ ಕಂಡಿರದ ರೋಗಿಗಳು ಬಂದು ಕೂರುತ್ತಾರೆ. ಡಾ. ಮಣಿ ಮತ್ತು ಸಂಗಡಿಗರು ಮೂರ್ಛೆರೋಗದ ಸಮುದಾಯ ಅಧ್ಯಯನವನ್ನು ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಮಾಡಿದ್ದನ್ನು ನೆನೆಯಿರಿ.

ಸಂದರ್ಶನದಲ್ಲಿ ಸಂಬಳದ ಜೊತೆಗೆ ಇನ್ನೂ ಕೆಲವನ್ನು ಕೇಳಿ, ಆದೇಶಪತ್ರದಲ್ಲಿ ಬರೆಸಿಕೊಳ್ಳಿ. ವಾರಕ್ಕೆ ಎಷ್ಟು ಒಪಿಡಿ, ರಾತ್ರಿಯ ಸ್ಟ್ರೋಕ್ ಕರೆಗೆ ಎಷ್ಟು ಮಂದಿ ಸರದಿಯಲ್ಲಿದ್ದೀರಿ, ಸಂಶೋಧನೆಗೆಂದು ಬಿಟ್ಟ ಅರ್ಧ ದಿನ ಯಾವುದು, ಇಇಜಿ ತಂತ್ರಜ್ಞರು ಇದ್ದಾರೆಯೇ ಅಥವಾ ಯಂತ್ರ ಮಾತ್ರ ಇದೆಯೇ. ಸರದಿಯಲ್ಲಿ ನೀವೊಬ್ಬರೇ ಎಂದಾದರೆ ವರ್ಷದೊಳಗೆ ಬೋಧನೆಯೂ ಬರವಣಿಗೆಯೂ ನಿಂತುಹೋಗುತ್ತವೆ, ಹಾಗಾಗಿ ಎರಡನೆಯ ತಜ್ಞರ ನೇಮಕ ಯಾವಾಗ ಎಂದು ಆಗಲೇ ಕೇಳಬೇಕು. ಖಾಸಗಿ ಆಸ್ಪತ್ರೆಯಲ್ಲಿ ತಿಂಗಳಿಗೆ ಇಷ್ಟು ಸ್ಕ್ಯಾನ್ ಎಂಬ ಗುರಿಯ ಸೂಚನೆ ಬಂದರೆ, ಸ್ಕ್ಯಾನಿಂಗ್ ಕೇಂದ್ರದಿಂದ ಲಕೋಟೆ ಬಂದರೆ, ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆಯ ನಿಯಮಗಳು ನಿಷೇಧಿಸಿರುವುದನ್ನು ಹೇಳಿ ಲಕೋಟೆಯನ್ನು ಹಿಂದಿರುಗಿಸಿ. ಮೊದಲ ಲಕೋಟೆಯನ್ನು ಇಟ್ಟುಕೊಂಡ ಮೇಲೆ ಎರಡನೆಯದನ್ನು ಹಿಂದಿರುಗಿಸುವುದು ಕಷ್ಟ. ಸಂಶೋಧನೆಯ ಆ ಅರ್ಧ ದಿನ ವಾರದಲ್ಲಿ ಯಾವತ್ತು ಎಂಬುದು ಆದೇಶಪತ್ರದಲ್ಲಿ ಬಂದಮೇಲೆ, ಅಂದು ನಿಮ್ಮ ಹೆಸರಿಗೆ ಒಪಿಡಿ ಚೀಟಿ ಕೊಡದಂತೆ ನೋಂದಣಿ ಕೌಂಟರಿನವರಿಗೆ ನೀವೇ ಹೋಗಿ ಹೇಳಿ ಬನ್ನಿ.