ತಿಪ್ಪಣ್ಣನಕಿಂತ ಮೊದಲ ಹುಟ್ಟಿದವರು ಎಲ್ಲಿ ಹೋದ್ರು?

ನಮ್ಮ ಮುತ್ಯಾನ, ಅಂದ್ರ ಅಪ್ಪನ ಅಪ್ಪನ, ಹೆಸರು ತಿಪ್ಪಣ್ಣ. ನಮ್ಮ ಕಡಿ ಈ ಹೆಸರು ಸುಮ್ಸುಮ್ನ ಇಡ್ತಿದ್ದಿಲ್ಲ. ಮೊದಲ ಹುಟ್ಟಿದ ಕೂಸುಗಳು ಒಂದರ ಹಿಂದ ಒಂದು ಹೋಗಿದ್ರ, ಮುಂದ ಹುಟ್ಟಿದ ಕೂಸಿಗಿ ತಿಪ್ಪಿ ಮ್ಯಾಲ ಮಲಗಿಸಿ, ಯಾರಿಗೂ ಬ್ಯಾಡಾದ ಕೂಸು ಇದು ಅಂತ ಸಾವಿಗಿ ಯಾಮಾರಿಸಿ, ಆಮ್ಯಾಲ ಎತ್ಕೊಂಡ್ ಬಂದು ತಿಪ್ಪಣ್ಣ, ತಿಪ್ಪವ್ವ ಅಂತ ಕರೀತಿದ್ರು. ಇದು ನಂಗ ಸಣ್ಣಾಂವ ಇದ್ದಾಗಿಂದ ಗೊತ್ತು. ಆದ್ರೂ ನಮ್ಮ ಮನ್ಯಾಗ ಎಲ್ಲರೂ "ಮುತ್ಯಾನೇ ಹಿರೇ ಮಗ" ಅಂತಿದ್ರು, ನಾನೂ ಹೂಂ ಅಂತಿದ್ದೆ. ಹಿರೇ ಮಗ ಆದ್ರ ತಿಪ್ಪಣ್ಣ ಅಂತ ಹೆಸರು ಯಾಕ ಬಂತು ಅಂತ ತಲ್ಯಾಗ ಬರ್ಲಿಲ್ಲ ನೋಡ್ರಿ.

ಊರು ಸೇಡಂ ತಾಲೂಕಿನ್ಯಾಗ, ನಾ ಇರೋದು ಕಲಬುರಗಿಯಾಗ, ಇನ್ಶೂರೆನ್ಸ್ ಏಜೆಂಟ್. ಮುತ್ಯಾ ಹೋಗಿ ಭಾಳ ವರ್ಷ ಆದ್ರೂ ಪಹಣಿ ಅವನ ಹೆಸರಿಲೇ ಇತ್ತು, ಹೊಲ ವಾರಸದಾರರ ಹೆಸರಿಗಿ ಮಾಡೋ ಫೌತಿ ಖಾತಾ ಮಾಡಸ್ಬೇಕಂತ ಹೋದ್ರ ವಂಶವೃಕ್ಷ ಬೇಕಂದ್ರು. ಒಂದು ಲಗ್ನಪತ್ರಿಕಿ ಹಿಂದ ಪೆನ್ನಿಲೆ ಬರಕೊಂತ ಕುಂತೆ. ನಮ್ಮ ಧಂದ್ಯಾದಾಗ ಒಂದು ಚಟ ಬೆಳೀತದ, ಪಾಲಿಸಿ ಫಾರ್ಮಿನಾಗ ಅಣ್ಣ ತಮ್ಮ ಅಕ್ಕ ತಂಗಿ ಎಷ್ಟು ಮಂದಿ ಜೀವಂತ, ಎಷ್ಟು ಮಂದಿ ತೀರಿಕೊಂಡಾರ, ಯಾವ ವಯಸ್ಸಿಗಿ ಅಂತ ಕಾಲಂ ಇರ್ತದ. ಗಿರಾಕಿಗಳು "ಸತ್ತವರು ಯಾರೂ ಇಲ್ರಿ" ಅಂತಾರ, ಎರಡು ಸಲ ಕೇಳಿದ್ರ ಒಂದು ಕೂಸು ಹೊರಗ ಬರ್ತದ. ಅದೇ ಪ್ರಶ್ನಿ ನಮ್ಮ ಮನಿಗಿ ಕೇಳ್ಕೊಂಡೆ.

ಆಯಿ, ಅಂದ್ರ ಮುತ್ಯಾನ ಹೆಂಡತಿ, ತೊಂಬತ್ತರ ಹತ್ರ. ಆಕಿಗಿ ಹುಟ್ಟಿದ ಇಸ್ವಿ ಕೇಳಿದ್ರ ಏನೂ ಹತ್ತಂಗಿಲ್ಲ. 1948ರ ರಜಾಕಾರ ಗದ್ದಲದಾಗ ಎಷ್ಟು ದೊಡ್ಡಾಕಿ ಇದ್ದಿ, ಎಪ್ಪತ್ತೆರಡರ ಬರದಾಗ ಯಾರ್ಯಾರು ದುಡೀಲಿಕ್ಕ ಮುಂಬೈಗಿ ಹೋದ್ರು, ಹಂಗ ಕೇಳಬೇಕು. ಮತ್ತ ಇನ್ನೊಂದು, "ನಿಮ್ಮ ಮಾವ ಇನ್ನೊಬ್ಬಾಕಿನ್ನ ಇಟ್ಕೊಂಡಿದ್ನೇನು" ಅಂತ ಕೇಳಿದ್ರ ಬಾಯಿ ಮುಚ್ಚಿ ಬಿಡ್ತಾರ. ನಾ ಕೇಳಿದ್ದು, "ನಿಮ್ಮ ಅತ್ತಿ ಎಷ್ಟು ಸಲ ಬಾಣಂತಿ ಆಗಿದ್ಲು?" ಇದು ಹೆಂಗಸರು ನಾಚ್ಕಿ ಇಲ್ದೆ ಹೇಳೋ ಲೆಕ್ಕ. ಆಯಿ ಬಟ್ಟು ಮಡಚಿ ಮಡಚಿ ಏಳು ಅಂದ್ಲು. ನನ್ನ ಕಾಗದದಾಗ ಇದ್ದದ್ದು ಮೂರೇ.

"ಮುತ್ಯಾನಕಿಂತ ಮೊದಲ ಮೂರು ಹೋಗ್ಯಾವ," ಅಂದ್ಲು. ಆಮ್ಯಾಲ ಸುಮ್ನ ಎಲಿ ಮಡಚಕೊಂತ ಕುಂತು, "ಅವನಕಿಂತ ಮೊದಲ ಹುಟ್ಟಿದ ಇನ್ನೊಂದು ಹೆಣ್ಣು ಹೋಗಿಲ್ಲ, ಅದನ್ನ ಕೊಟ್ಟಾರ."

ಕೊಟ್ಟಾರ ಅನ್ನೋ ಮಾತು ನಮ್ಮ ಕಡಿ ಭಾಳ ಡೇಂಜರ್. ಲಗ್ನ ಮಾಡಿ ಕೊಟ್ಟಾರೋ, ಮಕ್ಕಳಿಲ್ದವರಿಗಿ ಸಾಕ್ಲಿಕ್ಕ ಕೊಟ್ಟಾರೋ, ದೇವರಿಗಿ ಬಿಟ್ಟಾರೋ. ದೇವದಾಸಿ ಬಿಡೋದು ನಿಷೇಧ ಆಗಿದ್ದು 1982ರ ಕಾಯ್ದೆದಾಗ, ಅದಕ್ಕ ಮುಂಚಿನ ಮಾತು ಯಾವುದೂ ಆಗಿರಬಹುದು. ದತ್ತಕ ಪತ್ರ ಹುಡುಕೋಣ ಅಂದ್ರ ಅದು ಸಿಗೋದೇ ಇಲ್ಲ, ಯಾಕಂದ್ರ 1956ರ ದತ್ತಕ ಕಾಯ್ದೆ ಬರೋ ತನಕ ಹಿಂದೂ ಕಾನೂನಿನ್ಯಾಗ ದತ್ತಕ ಅಂದ್ರ ಗಂಡು ಹುಡುಗನ್ನೇ. ಹೆಣ್ಣು ಕೂಸಿಗಿ ಒಂದು ಮನಿಯಿಂದ ಇನ್ನೊಂದು ಮನಿಗಿ ಒಯ್ದ್ರ ಅದಕ್ಕ ಕಾಗದ ಇಲ್ಲ, ತೊಟ್ಟಲ ಬದಲಾಯ್ತು ಅಷ್ಟೇ. ಮನಿ ಮನಿ ವಂಶಾವಳಿ ಹೇಳೋ ಹೆಳವರು ಬಂದಾಗ ಅವರ ಹೊತ್ತಿಗಿ ಓದಿಸಿ ನೋಡ್ದೆ, ಏಳು ತಲಿ ಗಂಡಸರ ಹೆಸರು ಗಳಗಳ ಹೇಳಿದ, ಈ ಹೆಣ್ಣಿನ ಸುದ್ದಿ ಇಲ್ಲ.

ಸಿಕ್ಕಿದ್ದು ಎಲ್ಲಿ ಅಂದ್ರ ಆಹೇರಿ ಪಟ್ಟಿದಾಗ. ಅಪ್ಪನ ಲಗ್ನ 1974ರಾಗ, ಯಾರು ಎಷ್ಟು ಮುಯ್ಯಿ ಮಾಡಿದ್ರು ಅಂತ ಬರದ ಉದ್ದನ ನೋಟ್‌ಬುಕ್ಕು, ಟ್ರಂಕಿನ್ಯಾಗ ಇಲಿ ಕಡದು ಅರ್ಧ ಉಳದಿತ್ತು. ಅಲ್ಲಿ ಚಿಂಚೋಳಿ ಕಡಿ ಒಂದು ಊರಿನ ಹೆಸರು, ಮುಂದ "ಅಕ್ಕನವರಿಂದ ಕುಪ್ಪಸ, ಟೊಪ್ಪಿಗಿ, 21 ರೂಪಾಯಿ". ಮುತ್ಯಾಗ ಆ ಊರಿನ್ಯಾಗ ಅಕ್ಕ ಇದ್ದದ್ದು ಯಾರಿಗೂ ಗೊತ್ತಿಲ್ಲ. ಎರಡು ಸಾಲು ಕೆಳಗ, "ತಾಂಡೂರ, ಧೋತ್ರ ಒಂದು, 11 ರೂಪಾಯಿ", ಹೆಸರೇ ಇಲ್ಲ. ಹೆಸರು ಬರೀದೇ ಊರು ಬರದಾರಂದ್ರ ಅಲ್ಲಿ ಏನೋ ಅದ ಅಂತ ತಿಳ್ಕೊಳ್ರಿ. ಚಿಂಚೋಳಿ ಕಡಿ ಹೋದೆ, ಅಕ್ಕ ಹೋಗಿ ಹನ್ನೆರಡು ವರ್ಷ ಆಗಿತ್ತು, ಆಕಿನ್ನ ಸಾಕಿದ್ದು ಮುತ್ಯಾನ ಸೋದರತ್ತಿ. ಮಗಳು ಚಹಾ ಮಾಡಿ ಕೊಟ್ಟು, "ಈಗ ಬಂದೇನಪಾ" ಅಂದ್ಲು. ಆ ಕಥಿ ಅಲ್ಲಿಗಿ ಮುಗೀತು.

ತಾಂಡೂರದ್ದು ಮುಗೀಲಿಲ್ಲ. ಅದಕ್ಕ ಮುಂಚೆ ನಾ ಮಾಡಿದ ತಪ್ಪು ಹೇಳ್ತೀನಿ, ಬ್ಯಾರೆಯವರು ಮಾಡಬಾರ್ದು ಅಂತ.

ನಮ್ಮ ಭಾಗ 1948ರ ತನಕ ನಿಜಾಮರ ಕೈಯಾಗ ಇತ್ತಲ್ಲ, ಹಳೇ ಕಾಗದ ಎಲ್ಲಾ ಉರ್ದು. ಮುತ್ಯಾನ ಅಪ್ಪ ಸತ್ತ ಮ್ಯಾಲ ಆದ ವಿರಾಸತ್ತಿನ ನಕಲು ತೆಗಿಸಿದೆ, ಆಗಿನ ಕಾಲಕ್ಕ ಫೌತಿಗಿ ವಿರಾಸತ್ ಅಂತಿದ್ರು. ನಂಗ ಉರ್ದು ಬರಂಗಿಲ್ಲ, ಅಂಕಿ ಮಾತ್ರ ಯೂಟ್ಯೂಬ್ ನೋಡಿ ಕಲ್ತಿದ್ದೆ. ಸತ್ತ ಇಸ್ವಿ 1351 ಅಂತ ಓದಿ, ಉರ್ದು ಅಂದ್ರ ಹಿಜರಿನೇ ಇರ್ತದ ಅಂತ ಮೊಬೈಲಿನ್ಯಾಗ ಹಾಕಿದ್ರ 1932 ಬಂತು. ಆದ್ರ ಸಣ್ಣ ಆಯಿ, ಮುತ್ಯಾನ ಕೊನೇ ತಂಗಿ, ರಜಾಕಾರ ಗದ್ದಲದಾಗ ಹತ್ತು ವರ್ಷದಾಕಿ, ಅಂದ್ರ ಹುಟ್ಟಿದ್ದು 1938ರ ಸುಮಾರು. ಅಪ್ಪ ಸತ್ತು ಆರು ವರ್ಷಕ್ಕ ಮಗಳು! ನಾ ಏನೋ ದೊಡ್ಡದು ಕಂಡುಹಿಡಿದೆ ಅಂತ ರಾತ್ರಿ ಹನ್ನೊಂದಕ್ಕ ಕಾಕಾನ ಮಗನಿಗಿ ಫೋನ್ ಮಾಡಿ ಹೇಳಿಬಿಟ್ಟೆ, ಅಂವ ಅವನ ಹೆಂಡತಿಗಿ, ಆಕಿ ತವರಮನಿಗಿ, ಎಂಟು ದಿನದಾಗ ಸಣ್ಣ ಆಯಿ ಕಿವಿಗಿ ಬಿತ್ತು. ಎಂಬತ್ತಾರು ವರ್ಷದ ಮುದುಕಿ ಎರಡು ದಿನ ಉಂಡಿಲ್ಲಂತ.

ಆಮ್ಯಾಲ ಒಬ್ಬ ರಿಟೈರ್ಡ್ ಉರ್ದು ಮಾಸ್ತರರ ಹಂತ್ಯಾಕ ಒಯ್ದೆ. ಅವರು ಚಷ್ಮಾ ಏರಿಸಿ ಒಂದೇ ಸಲ ನೋಡಿ, "ತಿಂಗಳು ನೋಡಿಲ್ಲೇನ್ರಿ? ಬಹಮನ್ ಅಂತ ಅದ, ಇದು ಫಸಲಿ" ಅಂದ್ರು. ಹಿಜರಿ ಆದ್ರ ಮೊಹರಂ, ಸಫರ್ ಅಂತ ಇರ್ತದ. ಆಜೂರ್, ದೈ, ಬಹಮನ್ ಅಂತಿದ್ರ ಹೈದರಾಬಾದ್ ಸಂಸ್ಥಾನದ ಫಸಲಿ. ಫಸಲಿಗಿ 590 ಕೂಡಿಸಬೇಕು, ವರ್ಷ ಅಕ್ಟೋಬರಿನ್ಯಾಗ ಶುರು ಆಗ್ತಿತ್ತು ಅಂತ ಜನವರಿಯಿಂದ ಮುಂದಿನ ತಿಂಗಳುಗಳಿಗಿ 591. 1351 ಬಹಮನ್ ಅಂದ್ರ 1941ರ ಡಿಸೆಂಬರ್. ಸಣ್ಣ ಆಯಿ ಅಪ್ಪನ ತೊಡಿ ಮ್ಯಾಲ ಮೂರು ವರ್ಷ ಆಡ್ಯಾಳ. ಆಕಿ ಮನಿಗಿ ಹೋಗಿ ಕಾಲಿಗಿ ಬಿದ್ದೆ. ಆಕಿ ಬೈಲಿಲ್ಲ, "ನಿಮ್ಮಪ್ಪ ನಿನಗ ಲೆಕ್ಕ ಚಲೋ ಕಲಿಸಿಲ್ಲ" ಅಂದ್ಲು ಅಷ್ಟೇ.

ಅದೇ ಕಾಗದದಾಗೇ ತಾಂಡೂರದಾಂವ ಇದ್ದ. ನಮ್ಮ ಕಡಿ ದಾಖಲೆದಾಗ ಮಗನ ಹೆಸರು, ಆಮ್ಯಾಲ ವಲದ (ಇಂಥವನ ಮಗ ಅಂತ ಅರ್ಥ), ಆಮ್ಯಾಲ ಅಪ್ಪನ ಹೆಸರು. ಮುತ್ಯಾನ ಹೆಸರಿನ ಮುಂದ ವಲದ ಅದ. ಇನ್ನೊಬ್ಬನ ಹೆಸರಿನ ಮುಂದ ಅವ್ವನ ಹೆಸರು ಬರದು, ಹಕ್ಕಿಲ್ಲ ಅಂತ ಷರಾ. ನಾ ಮತ್ತ ಅವಸರ ಮಾಡೋದ್ರಾಗಿದ್ದೆ, ಮಾಸ್ತರರು ತಡದ್ರು. "ಬಯಾನ್, ಅಂದ್ರ ಹೇಳಿಕಿ, ಯಾರು ಕೊಟ್ಟಾರ ಅದನ್ನ ಮೊದಲ ಓದ್ರಿ" ಅಂದ್ರು. ಕೊಟ್ಟಾಂವ ಸತ್ತವನ ಖಾಸ ತಮ್ಮ, ಆಗ ಮುತ್ಯಾಗ ಹದಿಮೂರು ವರ್ಷ, ಹೊಲ ನೋಡ್ಕೊಳ್ಳೋದು ಅವನೇ. ಹೆಂಗದ?

ಆಯಿಗಿ ಆ ಅವ್ವನ ಹೆಸರು ಹೇಳ್ದೆ. "ಆಕಿ ಉಡಕಿ ಆದಾಕಿ," ಅಂದ್ಲು, ಯಾವ ಮುಚ್ಚುಮರಿ ಇಲ್ದೆ. ಗಂಡ ಸತ್ತಾಕಿ, ಮುತ್ಯಾನ ಅಪ್ಪ ಆಕಿಗಿ ಸೀರಿ ಉಡಿಸಿ ಕರಕೊಂಡ್ ಬಂದಿದ್ದ. ಬಾಸಿಂಗ ಇಲ್ಲ, ಬಾಜಾ ಇಲ್ಲ, ಆದ್ರ ದೈವದವರು, ಅಂದ್ರ ಕುಲದ ಹಿರೇರು, ಕೂಡಿ ಒಪ್ಪಿದ ಮದುವಿ. ಒಬ್ಬ ಹೆಂಡತಿ ಇದ್ದಾಗ ಇನ್ನೊಬ್ಬಾಕಿನ್ನ ಮಾಡ್ಕೊಬಾರ್ದು ಅಂತ ನಮ್ಮ ಕಡಿ ಹಿಂದೂಗಳಿಗಿ ಕಾನೂನು ಬಂದದ್ದು 1955ರಾಗ. ಹಂಗಂದ್ರ ಅವತ್ತಿನ ರೀತಿ ರಿವಾಜಿನಾಗ ಆ ಹುಡುಗ ಮಗನೇ. ಅವನಿಗಿ ಅವ್ವನ ಹೆಸರು ಅಂಟಿಸಿದ್ದು ಮುತ್ಯಾನ ಕಾಕಾನ ಬಯಾನು, ಅದಕ್ಕ ಕಾರಣ ಎಂಟು ಎಕರೆ ಎರಿ ಭೂಮಿ. ಬ್ಯಾರೆ ಮನಿಗಳ ಕಾಗದದಾಗ ಅಪ್ಪನ ಜಾಗಾದಾಗ ಅವ್ವನ ಹೆಸರು ಇದ್ರ ಅದು ದೇವದಾಸಿ ಮಕ್ಕಳದೂ ಇರಬಹುದು, ಅಪ್ಪ ಬಿಟ್ಟು ಹೋದದ್ದೂ ಇರಬಹುದು; ನಾ ಅಂತೂ ಈಗ ಷರಾ ಓದೋಕಿಂತ ಮೊದಲ ಬಯಾನ್ ಓದ್ತೀನಿ.

ಅಂವ ತಾಂಡೂರಿಗಿ ಹೋಗಿ ಪರಸಿ ಕಲ್ಲಿನ ಖಣಿಯಾಗ ದುಡದ. ಸೇಡಂದಿಂದ ರೈಲಿಗಿ ಹತ್ತಿದ್ರ ತಾಂಡೂರ ಏನು ದೂರ, ಆಗ ನಮ್ಮ ಗುಲಬರ್ಗಾ ಜಿಲ್ಲಾದಾಗೇ ಇತ್ತು. 1956ರಾಗ ತಾಂಡೂರ, ಕೊಡಂಗಲ್ ಆಂಧ್ರಕ್ಕ ಹೋದ್ವು, ಈಗ ತೆಲಂಗಾಣ. ಇಂಥವರಿಗಿ ಹುಡುಕೋರು ಇದೊಂದು ತಲ್ಯಾಗ ಇಟ್ಕೊಳ್ರಿ, ಬೀದರದವರಿಗೂ ಹಂಗೇ, ಉದಗೀರ, ನಿಲಂಗಾ ಆಗಿನ ಮುಂಬೈ ರಾಜ್ಯಕ್ಕ (ಈಗ ಮಹಾರಾಷ್ಟ್ರ), ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕ. ಮನುಷ್ಯಾ ಅಲ್ಲೇ ಇರ್ತಾನ, ರಾಜ್ಯ ಬದಲಾಗಿರ್ತದ, ನಾವು ಕಳದಾನ ಅಂತಿರ್ತೀವಿ. ಅವನ ಮಮ್ಮಗ ಈಗ ಅಲ್ಲಿ ಕಲ್ಲಿನ ಪಾಲಿಶ್ ಮಷೀನ್ ಇಟ್ಟಾನ, ತೆಲುಗು ಚಲೋ, ಕನ್ನಡ ಅರ್ಧಮರ್ಧ. ಮನ್ಯಾಗ ಅವನ ಮುತ್ಯಾನ ಫೋಟೋ ನೋಡಿ ನಂಗ ಮೈ ಜುಮ್ಮಂತು, ಅದೇ ಮೂಗು.

ಅಮೇರಿಕಾದಾಗಿರೋ ತಂಗಿ ಡಿಎನ್ಎ ಟೆಸ್ಟ್ ಮಾಡ್ಸು ಅಂತಾಳ. ನಂಗ ಅದರ ಮ್ಯಾಲ ಭಾಳ ಭರವಸಾ ಇಲ್ಲ. ಮಲ ಅಣ್ಣ ತಮ್ಮಂದಿರಿಗೂ, ಮಾಮಾ ಅಳಿಯಂದಿರಿಗೂ ಎರಡಕ್ಕೂ ಶೇಕಡಾ 25ರ ಸುಮಾರೇ ಕೂಡ್ತದ, ಮ್ಯಾಲ ನಮ್ಮವರು ತಲಿ ತಲಿಯಿಂದ ಸೋದರಮಾವಗ, ಅತ್ತಿ ಮಗನಿಗಿ ಕೊಟ್ಟು ತಂದು ಮಾಡ್ಯಾರ. ಆ ಲೆಕ್ಕ ಬಿಡಿಸ್ಲಿಕ್ಕ ನನ್ನ ಕೈಲಿ ಆಗಂಗಿಲ್ಲ.

ವಂಶವೃಕ್ಷದ ಫಾರ್ಮ್ ಮತ್ತ ಬರದೆ. ಹೋದ ಮೂರು ಕೂಸುಗಳಿಗಿ ಹೆಸರು ಇಲ್ಲ, "ಸಣ್ಣದಿದ್ದಾಗ ಮೃತ" ಅಂತ ಬರದೆ. ಚಿಂಚೋಳಿ ಅಕ್ಕನ ಹೆಸರು ಬರದೆ. ತಾಂಡೂರದಾಂವನ ಹೆಸರು ಬರೀವಾಗ ನಮ್ಮ ಕಾಕಾ ಪೆನ್ನು ಹಿಡದು, "ಅವರು ಪಾಲು ಕೇಳಿದ್ರ?" ಅಂದ. ವಕೀಲರಿಗಿ ಕೇಳಿದ್ವಿ. ಕಾಯ್ದೆಬದ್ಧ ಅಲ್ಲದ ಮದುವಿ ಮಕ್ಕಳಿಗೂ ಅಪ್ಪನ ಪಾಲಿನ್ಯಾಗ ಹಕ್ಕದ ಅಂತ 2023ರಾಗ ಸುಪ್ರೀಂ ಕೋರ್ಟ್ ಹೇಳ್ಯಾದ, ಆದ್ರ ನಿಮ್ಮದು 1941ರ ಮಾತು, ಅದು ನೇರ ಕೂಡಂಗಿಲ್ಲ ಅಂದ್ರು. ಕಾಕಾಗ ಅದೂ ಸಮಾಧಾನ ಇಲ್ಲ. ತಾಂಡೂರದ ಹುಡುಗ ಫೋನಿನ್ಯಾಗ, "ಹೊಲ ನಂಗ ಬ್ಯಾಡ ಅಣ್ಣಾ, ವಲದ ಅಂತ ಒಂದ್ ಸಲ ಬರಕೊಡು" ಅಂದ. ಫಾರ್ಮ್ ಬರದು ಇಟ್ಟೀನಿ, ಕಾಕಾನ ಸಹಿ ಒಂದು ಬಾಕಿ ಅದ.