ಒಬ್ಬರೇ ಆಡುವ ಗೇಮ್: ಕೊಳ್ಳುವುದೋ, ಬಾಡಿಗೆಗೆ ತರುವುದೋ?

ಕಥೆಯ ಜಾಡು ಹಿಡಿದು ಒಬ್ಬರೇ ಆಡುವ ವಿಡಿಯೊ ಗೇಮ್‌ಗೆ ಒಂದು ಕೊನೆ ಇರುತ್ತದೆ, ಮತ್ತು ಆ ಕೊನೆ ಮುಟ್ಟಿದವರಲ್ಲಿ ಹೆಚ್ಚಿನವರು ಅದನ್ನು ಮತ್ತೆ ತೆರೆಯುವುದಿಲ್ಲ. ಆದ್ದರಿಂದ ಕೊಳ್ಳುವ ಅಥವಾ ಬಾಡಿಗೆಗೆ ತರುವ ನಿರ್ಧಾರಕ್ಕೆ ಮುನ್ನ, ಕಥೆ ಮುಗಿಸಲು ನಿಮಗೆ ಎಷ್ಟು ವಾರ ಹಿಡಿಯುತ್ತದೆ ಎಂಬ ಲೆಕ್ಕ ಕೈಯಲ್ಲಿರಬೇಕು.

‘ಗಾಡ್ ಆಫ್ ವಾರ್ ರಾಗ್ನರಾಕ್’ ಅನ್ನೇ ನೋಡೋಣ. 2022ರ ನವೆಂಬರ್‌ನಲ್ಲಿ ಬಿಡುಗಡೆಯಾದಾಗ ಭಾರತದಲ್ಲಿ ಅದರ ಪಿಎಸ್5 (ಟಿವಿಗೆ ಜೋಡಿಸಿ ಗೇಮ್ ಆಡುವ ಸೋನಿಯ ಕನ್ಸೋಲ್, ಪ್ಲೇಸ್ಟೇಷನ್ 5) ಆವೃತ್ತಿಯ ಬೆಲೆ 4,999 ರೂಪಾಯಿ ಇತ್ತು. ಮುಖ್ಯ ಕಥೆಯನ್ನಷ್ಟೇ ಆಡಿದರೆ ಸುಮಾರು 25 ಗಂಟೆಗಳಲ್ಲಿ ಮುಗಿಯುತ್ತದೆ. ದಾರಿಯಲ್ಲಿ ಸಿಗುವ ಉಪಕಥೆಗಳನ್ನೆಲ್ಲ ಮುಗಿಸುತ್ತ ಹೋದರೆ ಅದರ ಎರಡರಷ್ಟು ಹೊತ್ತು ಬೇಕು. ಇನ್ನು ನೀವು ವಾರಕ್ಕೆ ಎಷ್ಟು ಗಂಟೆ ಆಡುತ್ತೀರಿ ಎಂಬುದನ್ನು ಅಂದಾಜಿನಿಂದ ಹೇಳಬೇಡಿ, ಏಕೆಂದರೆ ಈ ವಿಷಯದಲ್ಲಿ ಎಲ್ಲರ ಅಂದಾಜೂ ಉದಾರವಾಗಿಯೇ ಇರುತ್ತದೆ. ಪಿಎಸ್5ರಲ್ಲಿ ನಿಮ್ಮ ಪ್ರೊಫೈಲ್ ತೆರೆದರೆ ಪ್ರತಿ ಗೇಮ್‌ಗೆ ನೀವು ಕೊಟ್ಟ ಗಂಟೆಗಳು ಕಾಣುತ್ತವೆ. ಅಲ್ಲಿಂದಲೇ ಲೆಕ್ಕ ಆರಂಭಿಸಿ.

ಲೆಕ್ಕದ ಅನುಕೂಲಕ್ಕಾಗಿ ಬಾಡಿಗೆ ವಾರಕ್ಕೆ 300 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮೂರಿನ ಅಂಗಡಿಯ ದರವನ್ನು ಅದರ ಜಾಗದಲ್ಲಿ ಹಾಕಿಕೊಳ್ಳಬಹುದು. ವಾರಕ್ಕೆ 13 ಗಂಟೆ ಆಡುವ ವಿದ್ಯಾರ್ಥಿ ಎರಡು ವಾರಗಳಲ್ಲಿ ಕಥೆ ಮುಗಿಸಿ, 600 ರೂಪಾಯಿ ಬಾಡಿಗೆ ಕೊಟ್ಟು ಡಿಸ್ಕ್ ಹಿಂತಿರುಗಿಸುತ್ತಾನೆ. ಶನಿವಾರ, ಭಾನುವಾರಗಳಲ್ಲಿ ಮಾತ್ರ ಬಿಡುವು ಸಿಕ್ಕು ನಾಲ್ಕು ಗಂಟೆ ಆಡುವ ಉದ್ಯೋಗಿಗೆ ಅದೇ ಕಥೆ ಏಳು ವಾರ ಹಿಡಿದು, ಬಾಡಿಗೆ 2,100 ರೂಪಾಯಿಗೆ ಏರುತ್ತದೆ. ಅವರು ಡಿಸ್ಕ್ ಕೊಂಡು, ಆಡಿ ಮುಗಿಸಿ, 3,300ಕ್ಕೆ ಮಾರಿದರೆ ಕಳೆದುಕೊಳ್ಳುವುದು ಸುಮಾರು 1,700 ಮಾತ್ರ. ಸೆಕೆಂಡ್ ಹ್ಯಾಂಡ್ ಡಿಸ್ಕನ್ನೇ ಕೊಂಡರೆ ನಷ್ಟ ಇನ್ನೂ ಕಡಿಮೆ. ಬೇಗ ಮುಗಿಸುವವರಿಗೆ ಬಾಡಿಗೆ, ನಿಧಾನವಾಗಿ ಆಡುವವರಿಗೆ ಕೊಂಡು ಮಾರುವುದು ಲಾಭ ಎಂಬುದು ಇದರಿಂದ ಹೊರಡುವ ಮಾತು. ಆದರೆ ಮರುಮಾರಾಟದ ಬೆಲೆ ತಿಂಗಳುಗಳು ಕಳೆದಂತೆ ಇಳಿಯುವುದರಿಂದ, ಮಾರುವ ಉದ್ದೇಶವಿದ್ದರೆ ಕಥೆ ಮುಗಿದ ವಾರದಲ್ಲೇ ಮಾರಬೇಕು.

ಬಾಡಿಗೆಗೆ ತರುವ ಮೊದಲು ನಿಮ್ಮ ಕನ್ಸೋಲ್‌ಗೆ ಡಿಸ್ಕ್ ಡ್ರೈವ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಪಿಎಸ್5 ಡಿಜಿಟಲ್ ಆವೃತ್ತಿಯಲ್ಲಿ ಅದು ಇರುವುದಿಲ್ಲ. ಠೇವಣಿ ಎಷ್ಟು, ಗೀರು ಬಿದ್ದರೆ ಎಷ್ಟು ಹಿಡಿಯುತ್ತಾರೆ ಎಂದು ಮೊದಲೇ ಕೇಳಿ, ಡಿಸ್ಕಿನ ಹಿಂಬದಿಯ ಚಿತ್ರವೊಂದನ್ನು ಅಂಗಡಿಯಲ್ಲೇ ಫೋನಿನಲ್ಲಿ ತೆಗೆದುಕೊಳ್ಳಿ. ಡಿಸ್ಕ್ ಹಾಕಿದ ಮೇಲೂ ಹತ್ತಾರು ಜಿಬಿ ಅಪ್‌ಡೇಟ್ ಡೌನ್‌ಲೋಡ್ ಆಗಬೇಕಾಗಬಹುದು, ಇಂಟರ್ನೆಟ್ ನಿಧಾನವಿರುವ ಮನೆಯಲ್ಲಿ ಬಾಡಿಗೆಯ ಮೊದಲ ದಿನ ಅದಕ್ಕೇ ಹೋಗುತ್ತದೆ. ಒಂದು ಸಮಾಧಾನವೆಂದರೆ, ಡಿಸ್ಕ್ ಹಿಂತಿರುಗಿಸಿದರೂ ನೀವು ಸೇವ್ ಮಾಡಿದ್ದು ಕನ್ಸೋಲ್‌ನಲ್ಲೇ ಉಳಿಯುತ್ತದೆ. ಮುಂದೆಂದಾದರೂ ಅದೇ ಗೇಮ್ ಸಿಕ್ಕಾಗ ನಿಲ್ಲಿಸಿದಲ್ಲಿಂದ ಮುಂದುವರಿಸಬಹುದು.

ಹೊಸ ಕಥಾಪ್ರಧಾನ ಗೇಮನ್ನು ಪೂರ್ತಿ ಬೆಲೆ ಕೊಟ್ಟು ಡಿಜಿಟಲ್ ರೂಪದಲ್ಲಿ ಕೊಳ್ಳುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅದನ್ನು ಮಾರಲಾಗದು, ಬೇರೆಯವರಿಗೆ ಕೊಡಲಾಗದು, ಕೈಯಲ್ಲಿರುವುದು ಬರೀ ಪರವಾನಗಿ. 2014ರಲ್ಲಿ ಬಂದ ‘ದಿ ಕ್ರ್ಯೂ’ ಎಂಬ ಕಾರ್ ರೇಸಿಂಗ್ ಗೇಮ್‌ನ ಸರ್ವರ್‌ಗಳನ್ನು ಅದನ್ನು ಹೊರತಂದ ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ನಿಲ್ಲಿಸಿದಾಗ, ಒಬ್ಬರೇ ಆಡುತ್ತಿದ್ದವರಿಗೂ ಅದು ಕೈತಪ್ಪಿತು; ಅಲ್ಲಿ ಡಿಸ್ಕ್ ಇದ್ದವರಿಗೂ ಉಪಯೋಗವಾಗಲಿಲ್ಲ. ಹಾಗಾಗಿ ಒಬ್ಬರೇ ಆಡಲು ಸಹ ಸದಾ ಇಂಟರ್ನೆಟ್ ಬೇಕೆನ್ನುವ ಗೇಮ್ ಆದರೆ ಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಿ.

ಕಂಪ್ಯೂಟರ್‌ನಲ್ಲಿ ಆಡುವವರಿಗೆ ಬಾಡಿಗೆಯ ಡಿಸ್ಕ್ ಸಿಗುವಂತಿಲ್ಲ. ಆದರೆ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ 14 ದಿನಗಳೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ, ಹಣ ವಾಪಸ್ ಕೇಳಬಹುದು.

ಒಬ್ಬರೇ ಆಡುವವರಿಗೆ ಇರುವ ದೊಡ್ಡ ಅನುಕೂಲವೆಂದರೆ ಕಾಯುವುದರಿಂದ ಏನೂ ನಷ್ಟವಿಲ್ಲದಿರುವುದು; ಎದುರಾಳಿಗಳು ಕಡಿಮೆಯಾಗುವ ಚಿಂತೆ ಅವರಿಗಿಲ್ಲ. 2020ರ ಡಿಸೆಂಬರ್‌ನಲ್ಲಿ ಬಂದ ‘ಸೈಬರ್‌ಪಂಕ್ 2077’ ದೋಷಗಳಿಂದ ತುಂಬಿದ್ದು, ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತಿಂಗಳುಗಟ್ಟಲೆ ತೆಗೆದುಹಾಕಿತ್ತು. ಕಾದು ಆಡಿದವರಿಗೆ ಸುಧಾರಿಸಿದ ಗೇಮ್ ಕಡಿಮೆ ಬೆಲೆಗೆ ಸಿಕ್ಕಿತು. ರಾಗ್ನರಾಕ್‌ನ ವಿಷಯದಲ್ಲೂ ಹಾಗೆಯೇ: 2023ರ ಡಿಸೆಂಬರ್‌ನಲ್ಲಿ ‘ವಲ್ಹಲ್ಲಾ’ ಎಂಬ ಹೊಸ ಭಾಗ ಉಚಿತವಾಗಿ ಸೇರಿತು, 2025ರ ಜನವರಿಯಲ್ಲಿ ಗೇಮ್ ಸೋನಿಯ ಚಂದಾ ಸೇವೆ ಪಿಎಸ್ ಪ್ಲಸ್ ಎಕ್ಸ್‌ಟ್ರಾದ ಚಂದಾದಾರರು ಆಡಬಹುದಾದ ಗೇಮ್‌ಗಳ ಪಟ್ಟಿಗೆ ಬಂತು. ಮೊದಲೇ ಬಾಡಿಗೆಗೆ ಆಡಿ ಹಿಂತಿರುಗಿಸಿದ್ದವರು ‘ವಲ್ಹಲ್ಲಾ’ಕ್ಕಾಗಿ ಮತ್ತೆ ಡಿಸ್ಕ್ ಹುಡುಕಬೇಕಾಯಿತು.

ಚಂದಾ ಕೂಡ ಒಂದು ಬಗೆಯ ಬಾಡಿಗೆಯೇ. ಆಡಬೇಕೆನಿಸಿದ ಮೂರು ನಾಲ್ಕು ಗೇಮ್‌ಗಳು ಪಟ್ಟಿಯಲ್ಲಿ ಒಟ್ಟಿಗೆ ಇರುವಾಗ ಒಂದೆರಡು ತಿಂಗಳ ಮಟ್ಟಿಗೆ ತೆಗೆದುಕೊಳ್ಳುವುದು ಲೇಸು. ಪಟ್ಟಿಯಿಂದ ಗೇಮ್‌ಗಳನ್ನು ಆಗಾಗ ತೆಗೆಯುವುದರಿಂದ ಉದ್ದದ ಗೇಮನ್ನೇ ಮೊದಲು ಆರಂಭಿಸಿ, ಮತ್ತು ಚಂದಾ ಕಟ್ಟಿದ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ತಾನಾಗಿ ನವೀಕರಣವಾಗುವುದನ್ನು ನಿಲ್ಲಿಸಿಬಿಡಿ. ಕಟ್ಟಿದ ಅವಧಿ ಮುಗಿಯುವವರೆಗೂ ಆಟಕ್ಕೆ ಅಡ್ಡಿಯಾಗುವುದಿಲ್ಲ.